ಬಯಲುಸೀಮೆಯ ಗಿಡಗಂಟಿ ಉಳಿಸುವುದು ಹೇಗೆ? ಸಸಿ ನೆಡುವ ಮೊದಲು ಮಾಡಬೇಕಾದ ಕೆಲಸಗಳು

ಪ್ರತಿ ವರ್ಷ ಜೂನ್ 5, ವಿಶ್ವ ಪರಿಸರ ದಿನ ಬಂದರೆ ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಪಾವಗಡದ ಕಡೆ ಸಾಲುಸಾಲಾಗಿ ಗುಂಡಿ ತೆಗೆದು ಸಸಿ ನೆಡುತ್ತಾರೆ. ಫೋಟೊ ಆಗುತ್ತದೆ. ಆಮೇಲೆ ಆಷಾಢದ ಗಾಳಿ ಶುರುವಾಗುತ್ತದೆ. ಮೋಡ ಬರುತ್ತದೆ, ಹೋಗುತ್ತದೆ, ಮಳೆ ಮಾತ್ರ ಇಲ್ಲ. ಆಗಸ್ಟ್ ಹೊತ್ತಿಗೆ ಗುಂಡಿಯಲ್ಲಿ ಒಣ ಕಡ್ಡಿ ಉಳಿದಿರುತ್ತದೆ. ಅದೇ ಗುಂಡಿಯ ಪಕ್ಕದಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಒಂದು ಚುಜ್ಜಲು ಗಿಡ ಇರುತ್ತದೆ. ಮೇಕೆ ಮೇಯ್ದು ಮೇಯ್ದು ಮೊಣಕಾಲೆತ್ತರಕ್ಕೇ ನಿಂತಿರುತ್ತದೆ, ಆದರೂ ಹಸಿರಾಗಿರುತ್ತದೆ. ಎಷ್ಟೋ ಸಲ ಗುಂಡಿ ತೆಗೆಯುವಾಗ ಜೆಸಿಬಿ ಕಿತ್ತುಹಾಕುವುದು ಇಂಥ ಗಿಡಗಳನ್ನೇ.

ನನ್ನ ಮಾತು ಇಷ್ಟೇ: ವರ್ಷಕ್ಕೆ 450ರಿಂದ 600 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ನೆಡುವುದು ಕೊನೆಯ ಕೆಲಸ. ಮೊದಲು ಇರುವುದನ್ನು ಉಳಿಸಿಕೊಳ್ಳಬೇಕು. ನೆಲದ ಮೇಲೆ ಕಾಣುವ ಗಿಡಕ್ಕಿಂತ ನೆಲದ ಕೆಳಗಿರುವ ಬೇರು ಇಲ್ಲಿ ದೊಡ್ಡದು. ನಿಮ್ಮ ಹೊಲದ ಬದು, ಊರ ಗೋಮಾಳ, ಗುಡಿಯ ಸುತ್ತಲಿನ ಜಾಗ, ಶಾಲೆಯ ಹಿಂದಿನ ದಿಬ್ಬ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು.

ಹೆಜ್ಜೆ 1: ಒಂದು ವರ್ಷ ಸುಮ್ನೆ ನೋಡಿ

ಕೇಳಲು ಸೋಮಾರಿತನ ಅನ್ನಿಸಬಹುದು. ಆದರೆ ಬಯಲುಸೀಮೆಯ ನೆಲ ಒಂದೇ ಸಲಕ್ಕೆ ತನ್ನಲ್ಲಿರುವುದನ್ನೆಲ್ಲ ತೋರಿಸುವುದಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಮುತ್ತುಗ ಎಲೆ ಉದುರಿಸಿ ಕೆಂಪಗೆ ಹೂ ಬಿಡುತ್ತದೆ. ಆಗ ದೂರದಿಂದಲೇ ಲೆಕ್ಕ ಹಾಕಬಹುದು. ಬೇಸಿಗೆ ನಡುವೆ ಕಮರ ಕೆಂಪು ಚಿಗುರು ಬಿಡುತ್ತದೆ. ಹುಲ್ಲು, ಗೆಡ್ಡೆ, ಸಣ್ಣ ಬಳ್ಳಿಗಳು ಎರಡು ಒಳ್ಳೆ ಮಳೆ ಬೀಳುವವರೆಗೆ ಕಣ್ಣಿಗೇ ಬೀಳುವುದಿಲ್ಲ. ಏಪ್ರಿಲ್‌ನಲ್ಲಿ ನೋಡಿ "ಇಲ್ಲಿ ಏನೂ ಇಲ್ಲ" ಎಂದು ಟ್ರ್ಯಾಕ್ಟರ್ ಹೊಡೆಸಿದರೆ ಅವೆಲ್ಲ ಹೋದ ಹಾಗೆಯೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಊರಲ್ಲಿ ಕುರಿ, ಮೇಕೆ ಕಾಯುವವರನ್ನು ಕರೆದುಕೊಂಡು ಒಂದು ಸುತ್ತು ಹಾಕಿ. ಯಾವ ಗಿಡ ಯಾವಾಗ ಚಿಗುರುತ್ತದೆ, ಯಾವುದನ್ನು ಮೇಕೆ ಮುಟ್ಟುವುದಿಲ್ಲ, ಹಿಂದೆ ಇದ್ದು ಈಗ ಕಾಣದ್ದು ಯಾವುದು, ಇದೆಲ್ಲ ಅವರಿಗೆ ಬಾಯಿಪಾಠ. ಅವರು ಹೇಳಿದ ಹೆಸರನ್ನೇ ಬರೆದುಕೊಳ್ಳಿ. ಒಂದೇ ಗಿಡಕ್ಕೆ ಒಂದು ತಾಲ್ಲೂಕಿನಲ್ಲಿ ತಂಗಡಿ, ಇನ್ನೊಂದರಲ್ಲಿ ಆವರಿಕೆ ಎನ್ನುತ್ತಾರೆ. ಬೋರೆ, ಬಾರೆ, ಎಲಚಿಯ ಕತೆಯೂ ಹಾಗೆಯೇ. ಹಾಗಾಗಿ ಹೆಸರಿನ ಜೊತೆ ಎಲೆ, ಹೂ, ಕಾಯಿಯ ಫೋಟೊ ಇರಲಿ.

ಪಟ್ಟಿ ಮಾಡುವಾಗ ಮರಗಳಷ್ಟನ್ನೇ ಬರೆಯುವ ಅಭ್ಯಾಸ ನಮಗೆ. ದಿಂಡಿಗ, ಕಮರ, ಬನ್ನಿ, ಬಿಳಿಜಾಲಿ, ಹೊಂಗೆ, ಬೇವು ಬರೆದು ಮುಗಿಸುತ್ತೇವೆ. ತಂಗಡಿ, ಬಂದರೆ, ಕಾರೆ, ಕವಳೆಯಂಥ ಪೊದೆಗಳು, ಮಂಗರವಳ್ಳಿ, ಸೊಗದೆಬೇರಿನಂಥ ಬಳ್ಳಿಗಳು, ಹುಲ್ಲುಗಳು ಬಿಟ್ಟುಹೋಗುತ್ತವೆ. ನಮ್ಮ ಕಡೆ ನೆಲವನ್ನು ಹಿಡಿದಿಟ್ಟುಕೊಂಡಿರುವುದೇ ಈ ಪೊದೆ ಮತ್ತು ಹುಲ್ಲು.

ಹೆಜ್ಜೆ 2: ಜಾಗ ಯಾರದ್ದು ಎಂದು ತಿಳಿದುಕೊಳ್ಳಿ

ಸರ್ವೆ ನಂಬರ್ ಹಿಡಿದು ಪಹಣಿ ನೋಡಿ. ಸ್ವಂತ ಜಮೀನೋ, ಗೋಮಾಳವೋ, ಅರಸರ ಕಾಲದ ಮೇವಿನ ಕಾವಲೋ, ಮೀಸಲು ಅರಣ್ಯವೋ ಗೊತ್ತಾಗಬೇಕು. ಮೀಸಲು ಅರಣ್ಯದೊಳಗೆ ಬೀಜ ಆರಿಸಲೂ ಗಿಡ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಗೋಮಾಳವಾದರೆ ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ಮಾತಾಡಿ. ಮುಂದೆ ಯಾರಾದರೂ ಬಂದು ಅದನ್ನು ಪಾಳು ಜಾಗ ಎಂದಾಗ ಆ ಮಾತುಕತೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಹುಲ್ಲುಗಾವಲಿನಲ್ಲಿ ಗುಂಡಿ ತೆಗೆಯಬೇಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹಸಿರಿನ ಮೇಲೆ ಪ್ರೀತಿ ಇರುವವರೇ ಇಲ್ಲಿ ಜಾಸ್ತಿ ಹಾನಿ ಮಾಡುತ್ತಾರೆ.

ಮರವಿಲ್ಲದ ಜಾಗವೆಲ್ಲ ಕಾಡು ಕಳೆದುಕೊಂಡ ಜಾಗವಲ್ಲ. ಚಳ್ಳಕೆರೆ ಸುತ್ತಲಿನ ಅಮೃತಮಹಲ್ ಕಾವಲುಗಳನ್ನು ನೋಡಿ. ಮೈಸೂರು ಅರಸರ ಕಾಲದಿಂದ ದನ ಮೇಯಿಸಲು ಬಿಟ್ಟ ಹುಲ್ಲುಗಾವಲು ಅವು. ಕೃಷ್ಣಮೃಗ, ತೋಳ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ಅದೇ ಮನೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದಲ್ಲೂ ಕೃಷ್ಣಮೃಗ ಉಳಿದಿರುವುದು ಬಯಲು ಬಯಲಾಗಿಯೇ ಇರುವುದರಿಂದ. ರಾಣೆಬೆನ್ನೂರಿನಲ್ಲಿ ಬೇರೆ ಥರ ಆಯಿತು. ಅಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಆದರೆ ಅದರ ದೊಡ್ಡ ಭಾಗ ನೀಲಗಿರಿ ನೆಡುತೋಪು. ಓಡಲು, ಮೇಯಲು ತೆರೆದ ಬಯಲು ಬೇಕಾದ ಪ್ರಾಣಿಗೆ ನೀಲಗಿರಿ ಸಾಲು ಏನು ಪ್ರಯೋಜನ?

ಹಳೆಯ ಹುಲ್ಲುಗಾವಲನ್ನು ಗುರುತಿಸುವುದು ಕಷ್ಟವಲ್ಲ. ಹುಲ್ಲು ಚಾಪೆಯಂತೆ ಹರಡಿರುವುದಿಲ್ಲ, ಬುಡಬುಡವಾಗಿ ನಿಂತಿರುತ್ತದೆ. ಬುಡ ಹಿಡಿದು ಎಳೆದರೆ ಸುಲಭಕ್ಕೆ ಬರುವುದಿಲ್ಲ. ನಡುನಡುವೆ ತಂಗಡಿ, ಬೋರೆ, ಒಂದೊಂದು ಬಿಳಿಜಾಲಿ ಇರುತ್ತದೆ. ಮಳೆ ಬಿದ್ದ ಮೇಲೆ ಹುಲ್ಲಿನ ನಡುವೆ ಹತ್ತಾರು ಬಗೆಯ ಸಣ್ಣ ಹೂಗಳು. ಇಂಥ ಕಡೆ ಉಳುಮೆ ಬೇಡ, ಗುಂಡಿ ಬೇಡ, ಟ್ರೆಂಚ್ ಬೇಡ. ಒಮ್ಮೆ ಉತ್ತ ನೆಲದಲ್ಲಿ ಮೊದಲು ಬರುವುದು ಕಳೆ. ಆ ಹಳೆಯ ಹುಲ್ಲು ವಾಪಸ್ ಬರಲು ಬಹಳ ವರ್ಷ ಬೇಕು.

ಹೆಜ್ಜೆ 4: ಬಳ್ಳಾರಿ ಜಾಲಿ ತೆಗೆಯಿರಿ, ಆದರೆ ಗುರುತಿಸಿ ತೆಗೆಯಿರಿ

ಬಳ್ಳಾರಿ ಜಾಲಿ ನಮ್ಮ ಗಿಡ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯದು. 1870ರ ದಶಕದಲ್ಲಿ ಭಾರತಕ್ಕೆ ತಂದರು. ಸೌದೆ ಕೊಟ್ಟಿದೆ, ಇದ್ದಿಲು ಕೊಟ್ಟಿದೆ, ಎಷ್ಟೋ ಬಡವರ ಒಲೆ ಉರಿಸಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ನುಗ್ಗಿದ ಕೆರೆಯಂಗಳ, ಗೋಮಾಳದಲ್ಲಿ ಬೇರೆ ಏನನ್ನೂ ಬೆಳೆಯಲು ಬಿಡುವುದಿಲ್ಲ.

ಕೂಲಿಯವರಿಗೆ "ಜಾಲಿ ಕಡಿಯಿರಿ" ಎಂದಷ್ಟೇ ಹೇಳಿದರೆ ಕರಿಜಾಲಿ, ಬನ್ನಿ ಎಲ್ಲ ಸೇರಿ ಹೋಗುತ್ತವೆ. ಮೊದಲು ವ್ಯತ್ಯಾಸ ತೋರಿಸಿಕೊಡಿ. ಕರಿಜಾಲಿಯ ಹೂ ಹಳದಿ ಗುಂಡು. ಕಾಯಿ ಮಣಿಸರದ ಹಾಗೆ ಬೀಜಬೀಜದ ನಡುವೆ ಕಿರಿದಾಗಿ, ಬೂದು ಬಣ್ಣದಲ್ಲಿರುತ್ತದೆ. ಬಳ್ಳಾರಿ ಜಾಲಿಯ ಹೂ ಬೆರಳಿನಂತೆ ಉದ್ದ, ತಿಳಿ ಹಳದಿ. ಹಣ್ಣಾದ ಕಾಯಿಯೂ ಹಳದಿ, ಮಣಿಸರದ ಹಾಗೆ ಇರುವುದಿಲ್ಲ. ಬನ್ನಿಯ ಹೂವೂ ಉದ್ದನೆಯದೇ, ಅಲ್ಲೇ ಗೊಂದಲ ಆಗುವುದು. ಆಗ ಮುಳ್ಳು ನೋಡಿ. ಬಳ್ಳಾರಿ ಜಾಲಿಗೆ ಎಲೆ ಹುಟ್ಟುವ ಗಂಟಿನಲ್ಲಿ ಉದ್ದ ಮುಳ್ಳು, ಸಾಮಾನ್ಯವಾಗಿ ಜೋಡಿ. ಬನ್ನಿಗೆ ಗಂಟುಗಳ ನಡುವೆ ಅಲ್ಲಲ್ಲಿ ಚಿಕ್ಕ, ದಪ್ಪ ಬುಡದ ಮುಳ್ಳು.

(ಬನ್ನಿಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ವಿಜಯದಶಮಿಗೆ ಬಂಗಾರ ಹಂಚುವ ಹುರುಪಿನಲ್ಲಿ ಇಡೀ ಕೊಂಬೆಯನ್ನೇ ಮುರಿದು ತರುವುದು ಎಷ್ಟೋ ಊರಲ್ಲಿದೆ. ಕೈಗೆ ಸಿಗುವ ಎಲೆ ಕಿತ್ತುಕೊಂಡರೆ ಸಾಕು. ಮರ ಮುಂದಿನ ವರ್ಷಕ್ಕೂ ಇರಬೇಕಲ್ವಾ?)

ತೆಗೆಯುವ ಬಗೆ ಹೀಗೆ. ಬರೀ ಕಡಿದರೆ ಬುಡದಿಂದ ನಾಲ್ಕರ ಬದಲು ಹತ್ತು ಚಿಗುರು ಬರುತ್ತವೆ. ಒಂದು ಮೊಳದೊಳಗಿನ ಸಸಿಯನ್ನು ಮಳೆ ಬಿದ್ದ ಮರುದಿನ ಬೇರು ಸಮೇತ ಕೀಳಿ, ಆಗ ಮಣ್ಣು ಮೆದುವಾಗಿರುತ್ತದೆ. ದೊಡ್ಡದಾದರೆ ಬುಡದ ಸುತ್ತ ಮಣ್ಣು ತೆಗೆದು, ನೆಲಮಟ್ಟದಿಂದ ಸುಮಾರು ಒಂದು ಅಡಿ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಚಿಗುರು ಒಡೆಯುವ ಗಂಟು ಮೇಲಿನ ಭಾಗದಲ್ಲಿರುತ್ತದೆ. ಅದು ನೆಲದಲ್ಲಿ ಉಳಿಯಬಾರದು. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಮುಗಿಸಿ. ಸಿಹಿ ಕಾಯಿಯನ್ನು ದನ, ಕುರಿ ತಿಂದು ಹಿಕ್ಕೆ, ಸಗಣಿಯಲ್ಲಿ ಬೀಜವನ್ನು ಊರೆಲ್ಲ ಹಂಚುತ್ತವೆ. ನೆಲದಲ್ಲಿ ಬಿದ್ದ ಬೀಜ ವರ್ಷಗಟ್ಟಲೆ ಕಾಯುತ್ತದೆ. ಹಾಗಾಗಿ ಎರಡು–ಮೂರು ಮಳೆಗಾಲ ಅದೇ ಜಾಗಕ್ಕೆ ಮತ್ತೆ ಹೋಗಿ ಸಸಿ ಕೀಳಬೇಕು. ಒಂದೇ ವರ್ಷ ಹಣ ಸುರಿದು ಆಮೇಲೆ ಬಿಡುವುದಾದರೆ ಶುರು ಮಾಡದಿರುವುದೇ ವಾಸಿ.

ಪೂರ್ತಿ ಜಾಗವನ್ನು ಒಂದೇ ಸಲ ಬೋಳಿಸಬೇಡಿ. ನೆಲ ಬೆತ್ತಲಾಗಿ ಮಣ್ಣು ಕೊಚ್ಚಿಹೋಗುತ್ತದೆ, ಸೌದೆಗೆ ಅದನ್ನೇ ನಂಬಿದ ಮನೆಗಳಿಗೂ ಕಷ್ಟ. ಪಟ್ಟೆಪಟ್ಟೆಯಾಗಿ ಮುಂದುವರಿಯಿರಿ. ಒಳಗೆ ಸಿಕ್ಕಿಕೊಂಡ ನಾಡಗಿಡ ಇದ್ದರೆ ಅದರ ಸುತ್ತ ಮೊದಲು ಬಿಡಿಸಿ. ಕಡಿದ ಮುಳ್ಳಿನ ಕೊಂಬೆಯನ್ನು, ಕಾಯಿ ಇಲ್ಲವೆಂದು ನೋಡಿಕೊಂಡು, ಬೇಲಿಗೆ ಇಟ್ಟುಕೊಳ್ಳಿ. ಮುಂದೆ ಬೇಕು.

ಗುಡ್ಡದ ಕಡೆ ಲಂಟಾನ, ಅದೂ ಹೊರಗಿನಿಂದ ಬಂದು ಹಬ್ಬಿದ ಪೊದೆಯೇ, ಇದ್ದರೂ ಲೆಕ್ಕ ಅದೇ. ಬುಡದ ಗಂಟಿನ ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಹಣ್ಣು ಬಿಡುವ ಮೊದಲು ಮಾಡಿ, ಇಲ್ಲದಿದ್ದರೆ ಹಕ್ಕಿಗಳು ಬೀಜ ಒಯ್ಯುತ್ತವೆ.

ಹೆಜ್ಜೆ 5: ಬೆಂಕಿಗೆ ಜನವರಿಯಲ್ಲೇ ತಯಾರಾಗಿ

ಗದಗಿನ ಕಪ್ಪತಗುಡ್ಡ ಔಷಧಿ ಗಿಡಗಳಿಗೆ ಹೆಸರಾದದ್ದು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲೂ ಬೇಸಿಗೆ ಬಂತೆಂದರೆ ಬೆಂಕಿಯ ಭಯ ತಪ್ಪಿಲ್ಲ. ಕಾಗದದ ಮೇಲಿನ ರಕ್ಷಣೆ ಬೆಂಕಿ ನಿಲ್ಲಿಸುವುದಿಲ್ಲ.

ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಚಿಗುರು ಬೇಗ ಬರುವುದು ನಿಜ. ಆದರೆ ಪ್ರತಿ ವರ್ಷ ಸುಟ್ಟರೆ ಎರಡು–ಮೂರು ವರ್ಷದ ದಿಂಡಿಗ, ಕಮರದ ಸಸಿ ದೊಡ್ಡದಾಗುವುದೇ ಇಲ್ಲ. ಬುಡದಿಂದ ಚಿಗುರುವುದು, ಮತ್ತೆ ಸುಡುವುದು, ಇದೇ ಆಗುತ್ತದೆ.

ಜನವರಿ ಮುಗಿಯುವುದರೊಳಗೆ ನಿಮ್ಮ ಜಾಗದ ಸುತ್ತ ಮೂರು–ನಾಲ್ಕು ಮೀಟರ್ ಅಗಲಕ್ಕೆ ಒಣ ಹುಲ್ಲು ಕೊಯ್ದು ಬೆಂಕಿ ರೇಖೆ ಮಾಡಿ. ರಸ್ತೆ ಬದಿ ಮೊದಲು, ಯಾಕೆಂದರೆ ಬೀಡಿ ತುಂಡು ಬೀಳುವುದು ಅಲ್ಲಿ. ಕೊಯ್ದ ಹುಲ್ಲನ್ನು ದನ ಇರುವವರಿಗೆ ಕೊಡಿ. ಹುಲ್ಲು ಸಿಗುತ್ತದೆ ಎಂದರೆ ಬೆಂಕಿ ಕಾಯಲು ಜನರೂ ಸಿಗುತ್ತಾರೆ. ಕಾಡಿನ ಅಂಚಿನಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926, ಊರ ಹತ್ತಿರವಾದರೆ 112. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವುದು ಸಣ್ಣ ಹುಲ್ಲಿನ ಬೆಂಕಿಗೆ ಸರಿ. ಗಾಳಿ ಎದ್ದಾಗ, ಗುಡ್ಡದ ಇಳಿಜಾರಿನ ಮೇಲ್ಭಾಗದಲ್ಲಿ ನಿಂತು ಯಾರೂ ಆ ಸಾಹಸ ಮಾಡಬಾರದು. ಬೆಂಕಿ ಮೇಲಕ್ಕೆ ಓಡುತ್ತದೆ.

ಹೆಜ್ಜೆ 6: ಮೇಯುವುದಕ್ಕೆ ಸರದಿ ಹಾಕಿ

ಕುರಿಗಾಹಿಗಳನ್ನು ಓಡಿಸಿ ಗಿಡ ಉಳಿಸುವ ಯೋಜನೆ ನಮ್ಮ ಕಡೆ ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಹುಲ್ಲು ಮೇಯ್ದರೆ ಸಾಯುವುದಿಲ್ಲ. ಎಳೆಯದಿದ್ದಾಗ, ಮತ್ತೆ ಮತ್ತೆ, ಬೀಜ ಉದುರುವ ಮೊದಲೇ ಮೇಯ್ದರೆ ಸೊರಗುತ್ತದೆ.

ಜಾಗವನ್ನು ಮೂರು ಪಾಲು ಮಾಡಿ. ಒಂದು ಪಾಲನ್ನು ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವವರೆಗೆ, ಅಂದರೆ ಹೆಚ್ಚುಕಡಿಮೆ ದೀಪಾವಳಿವರೆಗೆ ಮುಚ್ಚಿಡಿ. ಆಮೇಲೆ ಮೇಯಲು ಬಿಡಿ. ಮುಂದಿನ ವರ್ಷ ಬೇರೆ ಪಾಲು. ಕಾಲ್ದಾರಿ ಮತ್ತು ಕುಡಿಯುವ ನೀರಿನ ದಾರಿಯನ್ನು ಮಾತ್ರ ಎಂದೂ ಮುಚ್ಚಬೇಡಿ, ಬೇಲಿ ಕೀಳುವುದು ಅಲ್ಲಿಂದಲೇ ಶುರುವಾಗುತ್ತದೆ. ಯಾವ ಪಾಲು, ಎಲ್ಲಿಯವರೆಗೆ ಎಂಬುದನ್ನು ಕುರಿ ಇರುವವರ ಜೊತೆ ಕೂತು ತೀರ್ಮಾನಿಸಿ. ಬೋರ್ಡ್ ಹಾಕುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಹೆಜ್ಜೆ 7: ಕುಗ್ಗಿದ ಗಿಡವನ್ನು ಮರ ಮಾಡಿ

ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಬೇಗ ಫಲ ಕಾಣುವುದು ಇಲ್ಲಿ. ಮೇಯ್ದೋ ಕಡಿದೋ ಪೊದೆಯಾದ ಚುಜ್ಜಲು, ದಿಂಡಿಗ, ಬೇವು, ಮುತ್ತುಗದ ಬುಡದಲ್ಲಿ ಹತ್ತಿಪ್ಪತ್ತು ಕಡ್ಡಿ ಇರುತ್ತವೆ. ಬೇರು ಮಾತ್ರ ಹಳೆಯದು, ಆಳಕ್ಕೆ ಇಳಿದಿದೆ. ಎಲೆ ಉದುರಿದ ಕಾಲದಲ್ಲಿ ನೇರವಾದ, ಗಟ್ಟಿಯಾದ ಎರಡು ಅಥವಾ ಮೂರು ಕಡ್ಡಿ ಉಳಿಸಿ, ಉಳಿದದ್ದನ್ನು ಹರಿತವಾದ ಮಚ್ಚಿನಿಂದ ಬುಡಕ್ಕೆ ಕತ್ತರಿಸಿ. ಉಳಿಸಿದ ಕಡ್ಡಿಯ ಕೆಳಗಿನ ಅರ್ಧದ ಪಕ್ಕರೆಂಬೆ ತೆಗೆಯಿರಿ. ಮೇಲಿನದನ್ನು ಮುಟ್ಟಬೇಡಿ. ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಹಾಕಿ. ಮುಂದಿನ ವರ್ಷ ಒಂದು ಕಡ್ಡಿ ಸಾಕು ಅನ್ನಿಸಿದರೆ ಉಳಿದದ್ದನ್ನು ಸೌದೆಗೆ ತೆಗೆಯಬಹುದು. ಮೇಕೆಯ ಬಾಯಿಗೆ ಎಟುಕದ ಎತ್ತರ ದಾಟಿತೋ, ಆಮೇಲೆ ಅದನ್ನು ಕಾಯುವ ಕೆಲಸ ಮುಗಿಯಿತು.

ಇಳಿಜಾರಿದ್ದರೆ ಗಿಡದ ಕೆಳಬದಿಯಲ್ಲಿ ಅರ್ಧಚಂದ್ರದಂತೆ ಕಲ್ಲು ಜೋಡಿಸಿ. ಬಿದ್ದ ಮಳೆ ಅಲ್ಲೇ ನಿಂತು ಇಂಗುತ್ತದೆ. ಯಂತ್ರ ತಂದು ಟ್ರೆಂಚ್ ಹೊಡೆಸಿದರೆ ಉಳಿಸಬೇಕಾದ ಬೇರೇ ತುಂಡಾಗುತ್ತದೆ.

ಹೆಜ್ಜೆ 8: ಬೀಜ, ಆಮೇಲೆ ಬೇಕಾದರೆ ಸಸಿ

ಮೂರು ವರ್ಷ ಕಾದರೂ ಕೆಲವು ಗಿಡ ತಾನಾಗಿ ಬರದಿದ್ದರೆ ಬೀಜ ಹಾಕಿ. ಹತ್ತಿರದ ಮರಗಳಿಂದಲೇ ಆರಿಸಿ, ಒಂದೇ ಮರದಿಂದ ಅಲ್ಲ. ಒಂದು ಪಾಲು ನೆಲದಲ್ಲೇ ಬಿಡಿ.

ಬೇವಿನ ಹಣ್ಣು ಜೂನ್–ಜುಲೈನಲ್ಲಿ ಉದುರುತ್ತದೆ. ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಎರಡು–ಮೂರು ವಾರದೊಳಗೆ ಬಿತ್ತಬೇಕು. ಇಟ್ಟುಕೊಂಡರೆ ಮೊಳೆಯುವ ಶಕ್ತಿ ಹೋಗುತ್ತದೆ. ಕಮರದ ರೆಕ್ಕೆಕಾಯಿ ಬೇಸಿಗೆಯಲ್ಲಿ ಉದುರುತ್ತದೆ. ಪ್ರತಿ ವರ್ಷ ಚೆನ್ನಾಗಿ ಬಿಡುವುದಿಲ್ಲ, ಬಿಟ್ಟ ವರ್ಷ ಬಿಡಬೇಡಿ. ಹೊಂಗೆಯ ಸಿಪ್ಪೆ ಬಿಡಿಸಿ ನೇರ ಬಿತ್ತಿದರೆ ಸಾಕು. ಜಾಲಿ, ತಂಗಡಿ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರು ಸುರಿದು ರಾತ್ರಿಯಿಡೀ ನೆನೆಯಲು ಬಿಡಿ. ಇನ್ನೂ ಸುಲಭದ ದಾರಿ ಮೇಕೆ ರೊಪ್ಪ. ಕರಿಜಾಲಿ ಕಾಯಿ ತಿಂದ ಮೇಕೆಗಳು ಹೊರಹಾಕಿದ ಬೀಜವನ್ನು ಗುಡಿಸಿ ತಂದರೆ ಚೆನ್ನಾಗಿ ಮೊಳೆಯುತ್ತದೆ. ಬಳ್ಳಾರಿ ಜಾಲಿಯ ಬೀಜ ಸೇರದಂತೆ ನೋಡಿಕೊಳ್ಳಿ, ಅಷ್ಟೇ. ಬೋರೆಯ ಓಟೆಯನ್ನು ಮೆಲ್ಲಗೆ ಒಡೆದು ಒಳಗಿನ ಬೀಜ ಬಿತ್ತಿ. ಹುಣಸೆಯನ್ನು ಒಂದು ದಿನ ನೆನೆಸಿ.

ಎಲ್ಲಿ ಬಿತ್ತಬೇಕು? ತಂಗಡಿ, ಕಾರೆಯ ಪೊದೆಯೊಳಗೆ, ಕೈಗೆ ಮುಳ್ಳು ತಾಗಿದರೂ ಅಲ್ಲೇ. ನೆರಳು, ಸ್ವಲ್ಪ ತೇವ, ಮೇಕೆಯಿಂದ ರಕ್ಷಣೆ ಮೂರೂ ಒಟ್ಟಿಗೆ ಸಿಗುತ್ತವೆ. ಬೀಜದುಂಡೆ ಮಾಡಿ ದಾರಿಯುದ್ದಕ್ಕೂ ಎಸೆಯುವುದು ಮಕ್ಕಳಿಗೆ ಖುಷಿ ಕೊಡುತ್ತದೆ, ಆದರೆ ಬಂಡೆ ಮೇಲೆ, ಹುಲ್ಲಿನ ಮೇಲೆ ಬಿದ್ದ ಉಂಡೆ ಬಹುತೇಕ ವ್ಯರ್ಥ. ಅದೇ ಮಕ್ಕಳ ಕೈಗೆ ಒಂದೊಂದು ಚೂಪು ಕೋಲು ಕೊಟ್ಟು ಪೊದೆಯಡಿ ಊರಿಸಿ.

ನಮ್ಮ ಕಡೆ ಭರವಸೆಯ ಮಳೆ ಮುಂಗಾರಿನ ಮೊದಲ ಹನಿಯಲ್ಲ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಅಂದರೆ ಸೆಪ್ಟೆಂಬರ್–ಅಕ್ಟೋಬರ್. ಸಸಿಯನ್ನೇ ನೆಡುವುದಾದರೆ ಹುಬ್ಬೆ ಮಳೆಗೆ ನೆಡಿ. ಕಮರದಂಥ ಆಳಬೇರಿನ ಗಿಡವನ್ನು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದರೆ ಬೇರು ಸುರುಳಿ ಸುತ್ತುತ್ತದೆ. ಅದನ್ನು ನೇರ ಬಿತ್ತುವುದೇ ಮೇಲು. ಸ್ವಂತ ಜಮೀನಿದ್ದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಕಡಿಮೆ ದರಕ್ಕೆ ಸಸಿ ಸಿಗುತ್ತದೆ, ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ನರ್ಸರಿಯಲ್ಲಿ ನಾಡಗಿಡವನ್ನೇ ಕೇಳಿ. ಕೇಳುವವರು ಇದ್ದರೆ ಬೆಳೆಸುತ್ತಾರೆ.

ಹೆಜ್ಜೆ 9: ಬೇರು ಅಗೆಯುವವರ ಮೇಲೆ ಕಣ್ಣಿರಲಿ, ಕೊಳ್ಳುವಾಗಲೂ

ಮಾಕಳಿ ಬೇರಿನ ಉಪ್ಪಿನಕಾಯಿ ಯಾರಿಗೆ ಇಷ್ಟವಿಲ್ಲ? ಆದರೆ ಆ ಬಳ್ಳಿ ಬಂಡೆಗುಡ್ಡಗಳಲ್ಲಿ ಬೆಳೆಯುವುದು, ಮಾರುಕಟ್ಟೆಗೆ ಬರುವ ಬೇರಿನ ಹೆಚ್ಚಿನ ಪಾಲು ಕಾಡಿನದೇ. ಬೇರನ್ನು ಪೂರ್ತಿ ಅಗೆದರೆ ಬಳ್ಳಿ ಮುಗಿಯಿತು. ಗೊತ್ತಿದ್ದವರು ಒಂದೆರಡು ಬೇರು ಉಳಿಸಿ ಮಣ್ಣು ಮುಚ್ಚುತ್ತಿದ್ದರು. ನಿಮ್ಮ ಊರ ಗುಡ್ಡದಲ್ಲಿದ್ದರೆ ಜಾಗವನ್ನು ಹೊರಗಿನವರಿಗೆ ಹೇಳಬೇಡಿ, ಫೋಟೊ ಹಾಕಿದರೂ ಜಾಗದ ಗುರುತು ತೆಗೆದು ಹಾಕಿ. ಸೊಗದೆಬೇರಿಗೂ ಇದೇ ಮಾತು.

ಹೆಜ್ಜೆ 10: ಕಾಗದದಲ್ಲಿ ಬರೆಸಿ

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಕೈಯಲ್ಲಿ ಊರಿನ ಗಿಡ, ಪ್ರಾಣಿಗಳ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಲವು ಕಡೆ ಆ ಪುಸ್ತಕ ಕಪಾಟಿನಿಂದ ಹೊರಗೆ ಬಂದಿರುವುದಿಲ್ಲ. ಕೇಳಿ ತೆಗೆಸಿ. ಮೊದಲ ಹೆಜ್ಜೆಯಲ್ಲಿ ಮಾಡಿದ ನಿಮ್ಮ ಪಟ್ಟಿಯನ್ನು ಸೇರಿಸಲು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು, ದೇಶದಲ್ಲೇ ಮೊದಲನೆಯದು. ಅದೂ ಒಂದು ಊರ ತೋಪೇ.

ರಸ್ತೆ ಅಗಲ ಮಾಡಲು, ಕಟ್ಟಡ ಕಟ್ಟಲು ಯಾರಾದರೂ ಹಳೆಯ ಮರ ಕಡಿಯಲು ಬಂದರೆ, 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಇದೆಯೇ ಎಂದು ಕೇಳಿ. ಪ್ರತಿ ತೋರಿಸಲು ಹೇಳಿ. ಬಳ್ಳಾರಿ ಜಾಲಿ, ನೀಲಗಿರಿಯಂಥ ಕೆಲವು ಮರಗಳಿಗೆ ಅನುಮತಿ ಬೇಕಿಲ್ಲ, ಅದಕ್ಕೆ ಜಗಳ ಆಡಬೇಡಿ. ಅನುಮತಿ ಇಲ್ಲವೆಂದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ. ಮರದ ಫೋಟೊ, ಸರ್ವೆ ನಂಬರ್, ದಿನಾಂಕ ಮೂರೂ ಅದರಲ್ಲಿರಲಿ.